ಬೆಸುಗೆಗೊಂಡ ಬೆನ್ನು: ಶಸ್ತ್ರಚಿಕಿತ್ಸೆಯ ಅನಂತರದ ದೀರ್ಘ ಬಾಳು

ಮನೆಗೆ ನಡುಗಂಬವಿದ್ದಂತೆ ಶರೀರಕ್ಕೆ ಬೆನ್ನುಮೂಳೆ. ಆದರೆ ಅದು ಒಂದೇ ಮೂಳೆಯಲ್ಲ. ಕೊರಳಿನಲ್ಲಿ ೭, ಎದೆಯ ಹಿಂಭಾಗದಲ್ಲಿ ೧೨, ಸೊಂಟದಲ್ಲಿ ೫ ಕಶೇರುಗಳೂ ಅವುಗಳ ಕೆಳಗೆ ಕೂಡಿಕೊಂಡ ತ್ರಿಕಾಸ್ಥಿಯೂ ಸೇರಿ ಆದ ಸರಪಳಿ. ಹಿಂದಿನಿಂದ ನೋಡಿದಾಗ ನೇರವಾಗಿರಬೇಕಾದ ಈ ಸರಪಳಿಯು ಪಕ್ಕಕ್ಕೆ ೧೦ ಡಿಗ್ರಿಗಿಂತ ಹೆಚ್ಚಾಗಿ ಬಾಗಿ, ತನ್ನ ಸುತ್ತಲೇ ತಿರುಚಿಕೊಂಡರೆ ಅದನ್ನು ಸ್ಕೋಲಿಯೋಸಿಸ್ ಅಥವಾ ಪಾರ್ಶ್ವವಕ್ರತೆ ಎಂದು ಕರೆಯುತ್ತಾರೆ. ಬಹುಪಾಲು ಮಕ್ಕಳಲ್ಲಿ ಇದರ ಕಾರಣ ಖಚಿತವಾಗಿ ತಿಳಿಯದು. ಭಾರವಾದ ಪುಸ್ತಕದ ಚೀಲವಾಗಲಿ, ಗರ್ಭಿಣಿಯಾಗಿದ್ದಾಗ ತಾಯಿ ಗ್ರಹಣ ನೋಡಿದ್ದಾಗಲಿ ಇದಕ್ಕೆ ಕಾರಣವಲ್ಲ. ಹತ್ತರಿಂದ ಹದಿನಾರರ ವಯಸ್ಸಿನಲ್ಲಿ, ಶರೀರವು ಭರದಿಂದ ಬೆಳೆಯುವಾಗ, ಬಾಗು ಹೆಚ್ಚುತ್ತದೆ. ತೀವ್ರವಾದ ಬಾಗು ಹೆಣ್ಣುಮಕ್ಕಳಲ್ಲಿಯೇ ಅಧಿಕ.

ಬಾಗು ೪೫ರಿಂದ ೫೦ ಡಿಗ್ರಿಗಳನ್ನು ಮೀರಿದಾಗ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ. ಬಾಗಿದ ಭಾಗದ ಕಶೇರುಗಳನ್ನು ಲೋಹದ ಸರಳುಗಳಿಂದ ಸಾಧ್ಯವಾದಷ್ಟು ನೇರಗೊಳಿಸಿ, ನಡುವೆ ಮೂಳೆಯ ಚೂರುಗಳನ್ನಿಟ್ಟು, ಅವೆಲ್ಲ ಒಂದೇ ಮೂಳೆಯಾಗಿ ಬೆಸೆದುಕೊಳ್ಳುವಂತೆ ಮಾಡುವುದೇ ಈ ಚಿಕಿತ್ಸೆಯ ತಿರುಳು. ಅಮೆರಿಕದ ಹ್ಯೂಸ್ಟನ್ ನಗರದ ವೈದ್ಯ ಪಾಲ್ ಹ್ಯಾರಿಂಗ್ಟನ್ ಅವರು ಉಕ್ಕಿನ ಸರಳಿನ ವಿಧಾನವನ್ನು ೧೯೬೨ರಲ್ಲಿ ಪ್ರಕಟಿಸಿದರು. ಆ ಕಾಲದ ರೋಗಿಗಳು ತಿಂಗಳುಗಟ್ಟಲೆ ಪ್ಲಾಸ್ಟರ್ ಕವಚದಲ್ಲಿ ಇರಬೇಕಾಗುತ್ತಿತ್ತು. ಈಗ ಕಶೇರುಗಳಿಗೇ ತಿರುಪುಗಳನ್ನು ಬಿಗಿಯುವುದರಿಂದ ರೋಗಿಯು ಕೆಲವೇ ದಿನಗಳಲ್ಲಿ ಎದ್ದು ನಡೆಯುತ್ತಾನೆ. ಮೂಳೆಯ ಬೆಸುಗೆ ಗಟ್ಟಿಯಾಗಲು ಮಾತ್ರ ಆರು ತಿಂಗಳಿಂದ ಒಂದು ವರ್ಷ ಬೇಕು. ಅನಂತರ ಭಾರವನ್ನು ಹೊರುವುದು ಮೂಳೆಯೇ. ಸರಳನ್ನು ಸಾಮಾನ್ಯವಾಗಿ ತೆಗೆಯದೆ ಹಾಗೆಯೇ ಬಿಡುತ್ತಾರೆ.

ಚಿಕ್ಕಬಳ್ಳಾಪುರದಿಂದಾಗಲಿ ಗೌರಿಬಿದನೂರಿನಿಂದಾಗಲಿ ಬೆಂಗಳೂರಿಗೆ ಹೋಗಿ ಮಗಳಿಗೆ ಇಂತಹ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರುವ ತಂದೆತಾಯಿಗಳ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಹಲವು. ಮಗು ಮುಂದೆ ದುಡಿಯಬಲ್ಲಳೇ? ವಿವಾಹವಾಗಿ ತಾಯಿಯಾಗಬಲ್ಲಳೇ? ವೃದ್ಧಾಪ್ಯದಲ್ಲಿ ಏನಾದೀತು?

ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ೧೯೬೮ರಿಂದ ೧೯೭೭ರ ಅವಧಿಯಲ್ಲಿ ಚಿಕಿತ್ಸೆ ಪಡೆದವರನ್ನು ವೈದ್ಯರು ಇಪ್ಪತ್ತು ವರ್ಷಗಳಿಗೂ ಮಿಕ್ಕ ಕಾಲದ ಅನಂತರ ಪುನಃ ಪರೀಕ್ಷಿಸಿದರು. ಶಸ್ತ್ರಚಿಕಿತ್ಸೆಯಾದವರಲ್ಲಿ ಬೆನ್ನುನೋವು ಇತರರಿಗಿಂತ ಸ್ವಲ್ಪ ಹೆಚ್ಚಾಗಿದ್ದರೂ ಬಹುತೇಕ ಸೌಮ್ಯವಾಗಿತ್ತು. ದಿನನಿತ್ಯದ ಕೆಲಸಕಾರ್ಯಗಳಲ್ಲಿ ಅವರು ಇತರರಿಗಿಂತ ಬಹಳ ಹಿಂದೆ ಬಿದ್ದಿರಲಿಲ್ಲ. ಮಕ್ಕಳನ್ನು ಹೆತ್ತ ತಾಯಂದಿರೂ ಅವರಲ್ಲಿ ಅನೇಕರಿದ್ದರು. ಬ್ರಿಟನ್ನಿನ ರಾಜಕುಮಾರಿ ಯೂಜೀನಿ ೨೦೦೨ರಲ್ಲಿ ತಮ್ಮ ಹನ್ನೆರಡನೆಯ ವಯಸ್ಸಿನಲ್ಲಿ ಈ ಚಿಕಿತ್ಸೆಗೆ ಒಳಗಾದರು. ೨೦೧೮ರ ತಮ್ಮ ವಿವಾಹದಲ್ಲಿ ಬೆನ್ನಿನ ಗಾಯದ ಗುರುತು ಕಾಣುವಂತಹ ಉಡುಪನ್ನೇ ಬಯಸಿ ಧರಿಸಿದರು. ನಮ್ಮಲ್ಲಿ ಆ ಗುರುತನ್ನು ವಧೂಪರೀಕ್ಷೆಯ ವೇಳೆ ಮುಚ್ಚಿಡುವ ರೂಢಿಯುಂಟು. ಮುಚ್ಚಿಟ್ಟ ಸಂಗತಿಯು ಹೆರಿಗೆಯ ಕೊಠಡಿಯಲ್ಲಿ ತೊಡಕಾಗಿ ಎದುರಾಗುತ್ತದೆ. ಸಹಜ ಹೆರಿಗೆಗೆ ಬೆಸುಗೆಯೊಂದೇ ಅಡ್ಡಿಯಲ್ಲ. ಆದರೆ ಬೆನ್ನಿಗೆ ಅರಿವಳಿಕೆಯ ಚುಚ್ಚುಮದ್ದು ಕೊಡುವುದು ಕಷ್ಟವಾಗಬಹುದಾದ್ದರಿಂದ ವೈದ್ಯರಿಗೆ ಮೊದಲೇ ತಿಳಿಸಿರಬೇಕು.

ಬೆಸೆದ ಭಾಗವು ಬಾಗದು. ಎದೆಯ ಹಿಂಭಾಗದ ಬೆನ್ನು ಸಹಜವಾಗಿಯೇ ಕಡಿಮೆ ಬಾಗುವುದರಿಂದ ಅಲ್ಲಿಯ ನಷ್ಟ ಅಷ್ಟಾಗಿ ತಿಳಿಯದು. ಬೆಸುಗೆಯು ಸೊಂಟದ ಕೆಳಭಾಗಕ್ಕೆ ಇಳಿದಷ್ಟೂ ಬಿಗುವು ಹೆಚ್ಚು. ನೆಲದ ಮೇಲೆ ಕುಳಿತು ಉಣ್ಣುವುದು, ಕುಕ್ಕರಗಾಲಿನಲ್ಲಿ ಕೂರುವುದು ಬಹುಮಟ್ಟಿಗೆ ತೊಡೆಸಂದು ಹಾಗೂ ಮೊಣಕಾಲುಗಳ ಕೆಲಸವಾದ್ದರಿಂದ ಅವು ಅಸಾಧ್ಯವಲ್ಲ. ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಗಳಲ್ಲಿ ದಿನವಿಡೀ ಬಗ್ಗಿ ನಿಲ್ಲುವುದು, ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ನೆಲದಿಂದ ತಟ್ಟನೆ ಎತ್ತುವುದು ಮಾತ್ರ ಸಲ್ಲದು. ಬೆಸೆಯದೆ ಉಳಿದ ಕೆಲವೇ ಕೀಲುಗಳು ಎಲ್ಲ ಶ್ರಮವನ್ನೂ ಹೊರಬೇಕಾಗಿ, ವರ್ಷಗಳು ಕಳೆದಂತೆ ಸವೆಯುವುದುಂಟು. ಹಳೆಯ ಸರಳುಗಳನ್ನು ಸೊಂಟದವರೆಗೆ ಅಳವಡಿಸಿಕೊಂಡ ಕೆಲವರಲ್ಲಿ ಸೊಂಟದ ಸಹಜ ಒಳಬಾಗು ಅಳಿದು, ನಡುವಯಸ್ಸಿನ ಅನಂತರ ದೇಹ ಮುಂದಕ್ಕೆ ವಾಲಿದ್ದೂ ಉಂಟು. ಕಾಲುಗಳಲ್ಲಿ ನಿಶ್ಶಕ್ತಿ, ಮಲಮೂತ್ರಗಳ ಹಿಡಿತ ತಪ್ಪುವಿಕೆ, ಗಾಯದಿಂದ ಕೀವು, ಹೊಸದಾಗಿ ಹುಟ್ಟಿದ ತೀವ್ರ ನೋವು ಇವುಗಳಲ್ಲಿ ಯಾವುದು ಕಂಡರೂ, ಎಷ್ಟೇ ವರ್ಷಗಳಾಗಿದ್ದರೂ, ತಡಮಾಡದೆ ವೈದ್ಯರನ್ನು ಕಾಣಬೇಕು.

ನಮ್ಮ ಸೀಮೆಗೆ ಇನ್ನೊಂದು ಎಚ್ಚರಿಕೆಯೂ ಅವಶ್ಯ. ಚಿಂತಾಮಣಿ, ಗೌರಿಬಿದನೂರು ಮೊದಲಾದ ಕಡೆಗಳ ಅನೇಕ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ ೧.೫ ಮಿಲಿಗ್ರಾಂ ಮಿತಿಯನ್ನು ಮೀರಿರುತ್ತದೆ. ಬಹುಕಾಲ ಅಂತಹ ನೀರನ್ನು ಕುಡಿದರೆ ಬೆನ್ನು ತಾನಾಗಿಯೇ ಬಿಗಿದುಕೊಳ್ಳುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಯಾದವರ ಹೊಸ ಬಿಗುವಿಗೆಲ್ಲ ಸರಳನ್ನೇ ದೂರದೆ ಕುಡಿಯುವ ನೀರನ್ನೂ ಪರೀಕ್ಷಿಸಬೇಕು. ಸುಣ್ಣದ ಅಂಶ ಹೇರಳವಾಗಿರುವ ನಮ್ಮ ರಾಗಿ, ನಿತ್ಯದ ನಡಿಗೆ, ಧೂಮಪಾನದ ವರ್ಜನೆ ಇವು ಮೂಳೆಗೆ ಹಿತಕರ.

ಉಪಾಧ್ಯಾಯರ ಹೊಣೆಯೂ ಇಲ್ಲಿ ಸಣ್ಣದಲ್ಲ. ಮಗುವು ಕಾಲುಗಳನ್ನು ಜೋಡಿಸಿ, ಕೈಗಳನ್ನು ಇಳಿಬಿಟ್ಟು ಮುಂದಕ್ಕೆ ಬಗ್ಗಿದಾಗ ಬೆನ್ನಿನ ಒಂದು ಪಕ್ಕ ಉಬ್ಬಿ ಕಂಡರೆ ವೈದ್ಯರಿಗೆ ತೋರಿಸಬೇಕು. ಹೆಣ್ಣುಮಕ್ಕಳನ್ನು ಅಧ್ಯಾಪಕಿಯರೇ ನೋಡುವುದು ಉಚಿತ. ಬೆಳವಣಿಗೆ ಮುಗಿಯುವ ಮುನ್ನ ಕಂಡುಹಿಡಿದರೆ ನಡುಪಟ್ಟಿಯ ಕವಚದಿಂದಲೇ ಬಾಗನ್ನು ತಡೆಯಬಹುದು. ೨೦೧೩ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಕೆನಡಾಗಳ ಅಧ್ಯಯನದಲ್ಲಿ ಕವಚ ತೊಟ್ಟವರ ಪೈಕಿ ನೂರಕ್ಕೆ ೭೨ ಮಂದಿ, ತೊಡದವರ ಪೈಕಿ ನೂರಕ್ಕೆ ೪೮ ಮಂದಿ ೫೦ ಡಿಗ್ರಿಯ ಮಿತಿಯನ್ನು ಮುಟ್ಟದೆ ಬೆಳವಣಿಗೆ ಮುಗಿಸಿದರು. ಶಸ್ತ್ರಚಿಕಿತ್ಸೆಯಾಗಿ ಶಾಲೆಗೆ ಮರಳಿದ ಮಗುವನ್ನು ಆಟದ ಬಯಲಿನ ಅಂಚಿನಲ್ಲಿ ಶಾಶ್ವತವಾಗಿ ಕೂರಿಸುವುದು ಕರುಣೆಯಲ್ಲ. ಬೆಸುಗೆ ಗಟ್ಟಿಯಾದ ಮೇಲೆ ವೈದ್ಯರ ಅನುಮತಿಯಿಂದ ಬಹುಪಾಲು ಆಟಗಳಲ್ಲಿ ಅದು ಭಾಗವಹಿಸಬಲ್ಲದು.

ದಾನಿಗಳು ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ ಉದಾರವಾಗಿ ಕೈನೀಡುವುದುಂಟು. ಅನಂತರದ ವರ್ಷಗಳ ಪರೀಕ್ಷೆ, ಕ್ಷಕಿರಣ ಚಿತ್ರ, ಬೆಂಗಳೂರಿನ ಪ್ರಯಾಣ ಇವುಗಳ ಚಿಕ್ಕ ವೆಚ್ಚವೇ ಬಡ ಕುಟುಂಬವನ್ನು ಚಿಕಿತ್ಸೆಯಿಂದ ದೂರವಿಡುತ್ತದೆ. ಯಾವ ಯಾವ ಕಶೇರುಗಳನ್ನು ಬೆಸೆಯಲಾಗಿದೆ, ಸರಳು ಯಾವ ಲೋಹದ್ದು ಎಂಬ ಆಸ್ಪತ್ರೆಯ ಕಾಗದವನ್ನು ಜಮೀನಿನ ಪತ್ರದಷ್ಟೇ ಜೋಪಾನವಾಗಿ ಕಾಯ್ದಿಡಬೇಕು. ಶಸ್ತ್ರಚಿಕಿತ್ಸೆಗೆ ಹಿಡಿಯುವುದು ಕೆಲವು ಗಂಟೆಗಳು. ಆ ಬೆನ್ನನ್ನು ಹೊತ್ತು ಬಾಳಬೇಕಾದುದು ಐವತ್ತು ಅರವತ್ತು ವರ್ಷಗಳು. ನೆರವೂ ತಿಳಿವಳಿಕೆಯೂ ಆ ದೀರ್ಘ ಅವಧಿಗೆ ತಕ್ಕಂತೆ ಇರಬೇಕು.