ಐತಿಹಾಸಿಕ ಕಾದಂಬರಿ: ಶಾಸನದ ಮಾತು, ಕವಿಯ ಮಾತು

‘ಇತಿಹಾಸ’ ಎಂಬ ಶಬ್ದವನ್ನು ಪ್ರಾಚೀನರು ‘ಇತಿ ಹ ಆಸ’ ಎಂದು ಬಿಡಿಸಿ, ‘ಹೀಗೆಯೇ ಇದ್ದಿತಷ್ಟೆ’ ಎಂದು ಅರ್ಥಮಾಡಿದರು. ಕಾವ್ಯವಾದರೋ ಇದ್ದುದರಲ್ಲಿಯೇ ನಿಲ್ಲದೆ, ಇದ್ದಿರಬಹುದಾದುದನ್ನೂ ಇರಬೇಕಾಗಿದ್ದುದನ್ನೂ ಅರಸಿ ಹೊರಡುವುದು. ಇವೆರಡೂ ಒಂದೇ ಗ್ರಂಥದಲ್ಲಿ ಕೂಡಿದಾಗ ಹುಟ್ಟುವುದೇ ಐತಿಹಾಸಿಕ ಕಾದಂಬರಿ. ಕನ್ನಡ ಓದುಗರಲ್ಲಿ ಬಹುಮಂದಿಗೆ ನಾಡಿನ ಅರಸರ ಪರಿಚಯವಾದುದು ಶಾಸನಸಂಪುಟಗಳಿಂದಲ್ಲ, ಕಾದಂಬರಿಗಳಿಂದ. ಆದಕಾರಣ ಇಂಥ ಗ್ರಂಥದಲ್ಲಿ ಕವಿಗೆ ಎಷ್ಟು ಸ್ವಾತಂತ್ರ್ಯ, ಆ ಸ್ವಾತಂತ್ರ್ಯಕ್ಕೆ ಎಲ್ಲಿ ಮೇರೆ ಎಂಬ ಪ್ರಶ್ನೆ ಕೇವಲ ಅಲಂಕಾರಶಾಸ್ತ್ರದ ಪ್ರಶ್ನೆಯಲ್ಲ. ಮಕ್ಕಳ ಕೈಗೆ ಪುಸ್ತಕ ಕೊಡುವ ಪ್ರತಿಯೊಬ್ಬ ಉಪಾಧ್ಯಾಯನೂ ಉತ್ತರಿಸಬೇಕಾದ ಪ್ರಶ್ನೆ.

ನಮ್ಮ ಲಾಕ್ಷಣಿಕರು ಈ ವಿಷಯವನ್ನು ಬಹು ಹಿಂದೆಯೇ ವಿಚಾರಮಾಡಿದ್ದಾರೆ. ಧನಂಜಯನು ‘ದಶರೂಪಕ’ದಲ್ಲಿ ಕಥಾವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರು ಬಗೆಯಾಗಿ ವಿಂಗಡಿಸಿದನು. ಪ್ರಖ್ಯಾತವೆಂದರೆ ಇತಿಹಾಸಪುರಾಣಗಳಿಂದ ಬಂದುದು. ಉತ್ಪಾದ್ಯವೆಂದರೆ ಕವಿ ತಾನೇ ಕಲ್ಪಿಸಿದುದು. ಎರಡರ ಬೆರಕೆ ಮಿಶ್ರ. ನಾಯಕನಿಗಾಗಲಿ ರಸಕ್ಕಾಗಲಿ ಒಪ್ಪದ ಸಂಗತಿಯನ್ನು ಬಿಡಬಹುದು, ಇಲ್ಲವೆ ಬೇರೆ ಬಗೆಯಾಗಿ ಕಟ್ಟಬಹುದು ಎಂದೂ ಅವನು ಅನುಮತಿಯಿತ್ತನು. ನಡೆದುದನ್ನು ಬರಿದೆ ಒಪ್ಪಿಸುವುದು ಕವಿಯ ಕಾರ್ಯವಲ್ಲ, ಅದು ಇತಿಹಾಸದಿಂದಲೇ ಸಿದ್ಧಿಸುವುದು ಎಂಬುದು ಆನಂದವರ್ಧನನ ಅಭಿಪ್ರಾಯ. ಕಾಳಿದಾಸನು ಶಾಕುಂತಲದಲ್ಲಿ ದುರ್ವಾಸರ ಶಾಪವನ್ನು ತಂದುದು ಇದಕ್ಕೆ ಪ್ರಸಿದ್ಧ ನಿದರ್ಶನ. ವ್ಯಾಸರ ಮೂಲದಲ್ಲಿ ಆ ಶಾಪವಿಲ್ಲ. ಅದರಿಂದ ದುಷ್ಯಂತನ ಮೇಲಿನ ದೋಷ ಹಗುರವಾಯಿತು, ರಸ ಉಳಿಯಿತು. ಯಾರಿಗೂ ಅನ್ಯಾಯವಾಗಲಿಲ್ಲ.

ಕನ್ನಡದ ಆದಿಕವಿ ಪಂಪನ ಮಾರ್ಗ ಇನ್ನೂ ಸ್ವಾರಸ್ಯವಾದುದು. ಕ್ರಿ.ಶ. ೯೪೧ರ ಸುಮಾರಿನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅವನು ತನ್ನ ಒಡೆಯನಾದ ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ವರ್ಣಿಸಿದನು, ಅದಕ್ಕೆ ಹೊಂದುವಂತೆ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯನ್ನಾಗಿ ಮಾಡಿದನು. ಇದು ಸಣ್ಣ ಮಾರ್ಪಾಟಲ್ಲ. ಆದರೂ ಅವನು ವಂಚಿಸಿದನೆಂದು ಯಾರೂ ದೂರಲಿಲ್ಲ. ಏಕೆಂದರೆ ಅವನ ಶ್ರೋತೃಗಳೆಲ್ಲರೂ ವ್ಯಾಸಭಾರತವನ್ನು ಬಲ್ಲವರು. ತಾನು ಅರಸನನ್ನು ಕಥಾನಾಯಕನೊಡನೆ ಹೋಲಿಸಿ ಹೇಳುತ್ತಿರುವೆನೆಂದು ಕವಿಯೂ ಮುಚ್ಚುಮರೆಯಿಲ್ಲದೆ ತಿಳಿಸಿದ್ದಾನೆ. ಮೂಲ ಯಾವುದು, ಕಲ್ಪನೆ ಯಾವುದು ಎಂಬುದು ಕೇಳುವವರ ಕಣ್ಣೆದುರಿಗೇ ಇದ್ದಿತು. ಕಣ್ಣಿಗೆ ಕಾಣುವ ಸ್ವಾತಂತ್ರ್ಯದಿಂದ ಸತ್ಯಕ್ಕೆ ಹಾನಿಯಿಲ್ಲ.

ಕಾಣದಂತೆ ನುಸುಳಿದ ಸ್ವಾತಂತ್ರ್ಯದ ಮಾತು ಬೇರೆ. ಅದನ್ನು ತಿಳಿಯಲು ಬಿಲ್ಹಣನ ‘ವಿಕ್ರಮಾಂಕದೇವಚರಿತ’ವನ್ನು ನೋಡಬೇಕು. ಕಾಶ್ಮೀರದಿಂದ ಹೊರಟ ಈ ಕವಿ ಅನೇಕ ರಾಜಾಸ್ಥಾನಗಳನ್ನು ಕಂಡು, ಕೊನೆಗೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯ ಪಡೆದು, ವಿದ್ಯಾಪತಿಯೆನಿಸಿ, ಹದಿನೆಂಟು ಸರ್ಗಗಳಲ್ಲಿ ಅವನ ಚರಿತ್ರೆಯನ್ನು ಹಾಡಿದನು. ಬಹುಕಾಲ ಮರೆಯಾಗಿದ್ದ ಈ ಕಾವ್ಯದ ಹಸ್ತಪ್ರತಿ ೧೮೭೪ರಲ್ಲಿ ಜೈಸಲ್ಮೇರಿನ ಜೈನಭಂಡಾರದಲ್ಲಿ ಬ್ಯೂಲರ್ ಪಂಡಿತರಿಗೆ ದೊರೆತು, ಮರುವರ್ಷ ಅಚ್ಚಾಯಿತು.

ವಿಕ್ರಮಾದಿತ್ಯನ ತಂದೆ ಆಹವಮಲ್ಲ ಸೋಮೇಶ್ವರನು ತುಂಗಭದ್ರೆಯಲ್ಲಿ ದೇಹತ್ಯಾಗ ಮಾಡಿದನೆಂದು ಬಿಲ್ಹಣನು ವರ್ಣಿಸುತ್ತಾನೆ. ಇದು ಕವಿಯ ಅತಿಶಯೋಕ್ತಿಯೆಂದು ತಳ್ಳಿಹಾಕುವಂತಿಲ್ಲ. ಕ್ರಿ.ಶ. ೧೦೬೮ರಲ್ಲಿ ಆಹವಮಲ್ಲನು ಕುರುವತ್ತಿಯಲ್ಲಿ ತುಂಗಭದ್ರೆಯನ್ನು ಹೊಕ್ಕು ಪರಮಯೋಗದಿಂದ ಮುಡಿಪಿದ ಸಂಗತಿಯನ್ನು ಬಳ್ಳಿಗಾವೆಯ ಶಾಸನವೇ ಹೇಳುತ್ತದೆ. ಇಲ್ಲಿ ಕಾವ್ಯವೂ ಕಲ್ಲೂ ಒಂದೇ ಮಾತನ್ನಾಡಿವೆ.

ಅದೇ ಕಾವ್ಯದಲ್ಲಿ ಇನ್ನೊಂದು ಸಂದರ್ಭವಿದೆ. ಆಹವಮಲ್ಲನ ತರುವಾಯ ಪಟ್ಟಕ್ಕೆ ಬಂದವನು ಹಿರಿಯ ಮಗ ಭುವನೈಕಮಲ್ಲ ಸೋಮೇಶ್ವರ. ಕ್ರಿ.ಶ. ೧೦೭೬ರಲ್ಲಿ ತಮ್ಮನಾದ ವಿಕ್ರಮಾದಿತ್ಯನು ಅವನನ್ನು ಸೋಲಿಸಿ ಸಿಂಹಾಸನವನ್ನೇರಿದನು. ತನ್ನ ಹೆಸರಿನಲ್ಲಿಯೇ ಹೊಸ ಶಕೆಯೊಂದನ್ನು ಆರಂಭಿಸಿದನು. ಅಣ್ಣನನ್ನು ಕೆಳಗಿಳಿಸಿ ಪಡೆದ ರಾಜ್ಯವನ್ನು ಕವಿ ಸಮರ್ಥಿಸಬೇಕಾಯಿತು. ಅದಕ್ಕಾಗಿ ತಂದೆ ಯುವರಾಜಪದವಿಯನ್ನು ತಮ್ಮನಿಗೇ ಕೊಡಹೋದನೆಂದೂ, ಅವನು ಅಣ್ಣನ ಮೇಲಿನ ಗೌರವದಿಂದ ಒಲ್ಲೆನೆಂದನೆಂದೂ, ಅಣ್ಣನೇ ದುರ್ಮಾರ್ಗಿಯಾದನೆಂದೂ, ಕಡೆಗೆ ಪರಶಿವನ ಆಜ್ಞೆಯಾದ ಮೇಲೆಯೇ ತಮ್ಮನು ಯುದ್ಧಕ್ಕೆ ನಿಂತನೆಂದೂ ಕಥೆ ಹೆಣೆದನು. ಅತ್ತ ಸೋಮೇಶ್ವರನ ಆಳ್ವಿಕೆಯ ಶಾಸನಗಳು ಅವನನ್ನು ಎಲ್ಲ ಅರಸರಂತೆಯೇ ಹೊಗಳುತ್ತವೆ. ಸೋತವನ ಪಕ್ಷವನ್ನು ಹೇಳುವ ಕವಿ ಯಾರೂ ಇರಲಿಲ್ಲ.

ವಿಕ್ರಮಾದಿತ್ಯನ ಹಿರಿಮೆಯಲ್ಲಿ ಸಂಶಯವಿಲ್ಲ. ಐವತ್ತು ವರ್ಷಗಳ ಆ ಆಳ್ವಿಕೆಯಲ್ಲಿಯೇ ವಿಜ್ಞಾನೇಶ್ವರನು ‘ಮಿತಾಕ್ಷರ’ವನ್ನು ಬರೆದನು. ಆದರೆ ದುರ್ವಾಸರ ಶಾಪಕ್ಕೂ ಬಿಲ್ಹಣನ ಶಿವಾಜ್ಞೆಗೂ ಇರುವ ಅಂತರವನ್ನು ಸಹೃದಯರು ಗಮನಿಸಬೇಕು. ಎರಡೂ ನಾಯಕನ ಕಳಂಕವನ್ನು ತೊಳೆಯಲು ಬಂದ ಕಲ್ಪನೆಗಳೇ. ಶಾಕುಂತಲದಲ್ಲಿ ತೊಳೆದ ನೀರು ನೆಲಕ್ಕೆ ಇಂಗಿತು. ಚರಿತದಲ್ಲಿ ಆ ನೀರು ಇನ್ನೊಬ್ಬ ಮನುಷ್ಯನ ಮೇಲೆ ಬಿದ್ದಿತು. ಬದುಕಿ ಬಾಳಿದ ಒಬ್ಬ ಅರಸನು ಒಂಬೈನೂರು ವರ್ಷಗಳ ಕಾಲ ದುಷ್ಟನೆಂಬ ಹೆಸರನ್ನು ಹೊತ್ತನು. ಆದಕಾರಣ ಕವಿಸ್ವಾತಂತ್ರ್ಯವನ್ನು ಅಳೆಯುವಾಗ ‘ಇದು ನಡೆದುದೇ ಅಲ್ಲವೇ’ ಎಂದು ಕೇಳಿದರೆ ಸಾಲದು. ‘ಈ ಕಲ್ಪನೆಯ ಬೆಲೆಯನ್ನು ತೆತ್ತವರು ಯಾರು’ ಎಂದೂ ಕೇಳಬೇಕು.

ಹೊಸಗನ್ನಡದಲ್ಲಿ ಈ ಜಾಡು ಕೆಂಪುನಾರಾಯಣನ ‘ಮುದ್ರಾಮಂಜೂಷ’ದಿಂದ (೧೮೨೩) ಮೊದಲಾಗುತ್ತದೆ. ವಿಶಾಖದತ್ತನ ನಾಟಕದ ವಸ್ತುವಾದ ಚಾಣಕ್ಯ-ರಾಕ್ಷಸರ ಕಥೆ ಅಲ್ಲಿ ಗದ್ಯರೂಪ ತಳೆಯಿತು. ತರುವಾಯ ಬಿ. ವೆಂಕಟಾಚಾರ್ಯರು ವಂಗಭಾಷೆಯಿಂದಲೂ, ಗಳಗನಾಥರು ಮರಾಠಿಯಿಂದಲೂ ಐತಿಹಾಸಿಕ ಕಾದಂಬರಿಗಳನ್ನು ತಂದು ಓದುಗರನ್ನು ಬೆಳೆಸಿದರು. ಅನಂತರ ಮಾಸ್ತಿ, ಕೆ.ವಿ. ಅಯ್ಯರ್, ತ.ರಾ.ಸು. ಮೊದಲಾದವರು ಈ ನೆಲದ ಚರಿತ್ರೆಯನ್ನೇ ವಸ್ತುವಾಗಿ ಆರಿಸಿಕೊಂಡರು. ೧೭೭೯ರಲ್ಲಿ ಹೈದರನ ವಶವಾದ ಚಿತ್ರದುರ್ಗದ ಕಥೆ ಇಂದು ಮನೆಮಾತಾಗಿದ್ದರೆ, ಅದಕ್ಕೆ ೧೯೮೫ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ದುರ್ಗಾಸ್ತಮಾನ’ವೂ ಅದರ ಹಿಂದಿನ ಕಾದಂಬರಿಗಳೂ ಮುಖ್ಯ ಕಾರಣ. ಕಾದಂಬರಿಯ ಈ ಉಪಕಾರವನ್ನು ಮರೆಯಲಾಗದು. ಉಪಕಾರ ದೊಡ್ಡದಾದಷ್ಟೂ ಹೊಣೆಯೂ ದೊಡ್ಡದು.

ಹೊಣೆ ಎಲ್ಲಕ್ಕಿಂತ ಹೆಚ್ಚಾಗುವುದು ದಾಖಲೆಗಳು ಮೌನವಾಗಿರುವ ಕಡೆ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲದೇವಿಯ ವಿಷಯವನ್ನೇ ನೋಡಬಹುದು. ಆಕೆ ಶ್ರವಣಬೆಳಗೊಳದಲ್ಲಿ ಕ್ರಿ.ಶ. ೧೧೨೩ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಶಕವರ್ಷ ೧೦೫೩ರ, ಅಂದರೆ ಕ್ರಿ.ಶ. ೧೧೩೧ರ ಚೈತ್ರದಲ್ಲಿ ಶಿವಗಂಗೆಯಲ್ಲಿ ಮುಡಿಪಿದಳೆಂದು ಬೆಳಗೊಳದ ಶಾಸನ ತಿಳಿಸುತ್ತದೆ. ಮಗಳ ಅಗಲಿಕೆಯ ತರುವಾಯ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಒಂದು ತಿಂಗಳು ಅನಶನವ್ರತದಲ್ಲಿದ್ದು ದೇಹ ಬಿಟ್ಟಳೆಂಬುದೂ ಅಲ್ಲಿ ಬರೆದಿದೆ. ತಾಯಿಯ ಮರಣದ ಬಗೆಯನ್ನು ಹೇಳುವ ಶಾಸನ ಮಗಳ ಮರಣದ ಕಾರಣವನ್ನು ಹೇಳುವುದಿಲ್ಲ.

ಆ ಮೌನದೊಳಕ್ಕೆ ಲೋಕದ ಕಥೆಯೊಂದು ಹೊಕ್ಕಿದೆ. ಮಕ್ಕಳಿಲ್ಲದ ದುಃಖದಿಂದ ರಾಣಿಯು ಶಿವಗಂಗೆಯ ಬೆಟ್ಟದ ತುದಿಯಿಂದ ಧುಮುಕಿ ಪ್ರಾಣ ಬಿಟ್ಟಳಂತೆ! ಶಾಲೆಯ ಪ್ರವಾಸಕ್ಕೆ ಹೋದ ಮಕ್ಕಳಿಗೆ ಆ ಜಾಗವನ್ನು ಬೆರಳು ಮಾಡಿ ತೋರಿಸುವವರುಂಟು. ಮಕ್ಕಳು ಅದನ್ನೇ ಚರಿತ್ರೆಯೆಂದು ನಂಬಿ ಹಿಂದಿರುಗುವರು. ಬಸದಿ ಕಟ್ಟಿಸಿದ, ದಾನಧರ್ಮಗಳಿಗೂ ಗೀತನೃತ್ಯಗಳ ಪ್ರೌಢಿಮೆಗೂ ಶಾಸನಗಳಲ್ಲಿ ಹೊಗಳಿಕೆ ಪಡೆದ ರಾಣಿಯ ಬದುಕೆಲ್ಲ ಒಂದು ನೆಗೆತದಲ್ಲಿ ಮುಗಿದುಹೋಗುವುದು. ಕೆ.ವಿ. ಅಯ್ಯರರು ‘ಶಾಂತಲಾ’ ಎಂದು ಈಕೆಯನ್ನು ಕುರಿತು ಬರೆದರು, ಸಿ.ಕೆ. ನಾಗರಾಜರಾಯರು ಶಾಸನಗಳನ್ನು ಮತ್ತೆ ಶೋಧಿಸಿ ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನು ಬರೆದು ೧೯೮೩ರ ಮೂರ್ತಿದೇವಿ ಪ್ರಶಸ್ತಿಗೆ ಪಾತ್ರರಾದರು. ಒಬ್ಬಳೇ ರಾಣಿ, ಎರಡು ಚಿತ್ರ. ಇದು ತಪ್ಪಲ್ಲ, ಮೌನವಿರುವ ಕಡೆ ಕಲ್ಪನೆಗೆ ಅಧಿಕಾರವಿದ್ದೇ ಇದೆ. ಆದರೆ ಒಂದು ಚಿತ್ರವನ್ನು ಮಾತ್ರ ಕಂಡವನು ಅದನ್ನೇ ಸಾಕ್ಷ್ಯವೆಂದು ಭ್ರಮಿಸಬಾರದು.

ದಾಖಲೆಗಳು ಮಾತನಾಡಿದರೂ ಒಂದೇ ಕಡೆಯವರ ಮಾತಾಗಿರುವುದುಂಟು. ವೀರಶೈವರಾದ ಹಾಲೇರಿ ಅರಸರ ಕೊಡಗನ್ನು ಕಂಪನಿ ಸರ್ಕಾರವು ೧೮೩೪ರಲ್ಲಿ ತೆಗೆದುಕೊಂಡಿತು. ಕೊನೆಯ ಅರಸ ಚಿಕವೀರರಾಜೇಂದ್ರನು ಕಾಶಿಗೆ ಕಳುಹಿಸಲ್ಪಟ್ಟು, ೧೮೫೨ರಲ್ಲಿ ಲಂಡನ್ನಿಗೆ ಹೋಗಿ, ೧೮೫೯ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನ ಕ್ರೌರ್ಯವನ್ನು ಹೇಳುವ ಬರಹಗಳಲ್ಲಿ ಬಹುಭಾಗ ಅವನ ರಾಜ್ಯವನ್ನು ಪಡೆದವರ ಕಡೆಯವು. ಮಾಸ್ತಿಯವರು ‘ಚಿಕವೀರ ರಾಜೇಂದ್ರ’ದಲ್ಲಿ (೧೯೫೬) ಅರಸನ ದೋಷಗಳನ್ನು ಮುಚ್ಚಿಡಲಿಲ್ಲ. ಆದರೆ ಪತನದ ಭಾರವನ್ನೆಲ್ಲ ಅವನೊಬ್ಬನ ತಲೆಗೂ ಕಟ್ಟಲಿಲ್ಲ. ಮಂತ್ರಿಗಳು, ಬಂಧುಗಳು, ಕಂಪನಿಯ ಅಧಿಕಾರಿಗಳು ಎಲ್ಲರೂ ತಮ್ಮ ತಮ್ಮ ಪಾಲನ್ನು ಹೊರುತ್ತಾರೆ. ದೋಷಿಯಾದವನಲ್ಲಿಯೂ ಮನುಷ್ಯನನ್ನು ಕಾಣುವ ಈ ಸಮದೃಷ್ಟಿಯೇ ಕಲ್ಪನೆಯ ಸದುಪಯೋಗ.

ಉಳಿದುದು ದೇಶಕಾಲಗಳ ಔಚಿತ್ಯ. ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವಿತವೆಂದನು. ಹೊಯ್ಸಳರ ಅರಮನೆಯ ಅಡಿಗೆಯಲ್ಲಿ ಮೆಣಸಿನಕಾಯಿಯ ಒಗ್ಗರಣೆ ಬಿದ್ದರೆ ಔಚಿತ್ಯಭಂಗವಾಗುವುದು. ಆ ಗಿಡ ಅಮೇರಿಕ ಖಂಡದ್ದು. ಪೋರ್ಚುಗೀಸರ ಆಗಮನದ ತರುವಾಯ, ಹದಿನಾರನೆಯ ಶತಮಾನದಲ್ಲಿ ಇಲ್ಲಿ ನೆಲೆಯೂರಿದುದು. ಅದಕ್ಕೆ ಮುಂಚೆ ಖಾರಕ್ಕೆ ಇದ್ದುದು ಮೆಣಸು. ಹೊಸ ವಸ್ತುವಿಗೆ ಹಳೆಯ ಹೆಸರನ್ನೇ ಹೊಂದಿಸಿ ‘ಮೆಣಸಿನಕಾಯಿ’ ಎಂದ ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಹಾಗೆಂದು ಶಾಂತಲೆಯ ಬಾಯಿಂದ ಹಳಗನ್ನಡವನ್ನೇ ಆಡಿಸಬೇಕೆಂದು ಹಟ ಹಿಡಿಯಲಾಗದು. ಹಾಗೆ ಮಾಡಿದರೆ ಇಂದಿನ ಓದುಗನಿಗೆ ಗ್ರಂಥವೇ ಮುಚ್ಚಿಹೋಗುವುದು. ಓದುಗನೂ ಅರಿತು ಒಪ್ಪಿಕೊಂಡ ಇಂಥ ಅಸತ್ಯ ದೋಷವಲ್ಲ.

ಮೇಲಿನ ವಿಚಾರದ ಸಾರ ಇಷ್ಟು. ದಾಖಲೆ ಖಚಿತವಾಗಿ ನುಡಿದ ಕಡೆ ಅದನ್ನು ಮೀರಬಾರದು. ಮೌನವಾದ ಕಡೆ ಔಚಿತ್ಯವರಿತು ಕಲ್ಪಿಸಬಹುದು. ಹೆಸರುಳ್ಳ ಮೃತನೊಬ್ಬನ ಮೇಲೆ ಆಧಾರವಿಲ್ಲದ ಪಾತಕವನ್ನು ಹೊರಿಸಬಾರದು. ಕಥೆಗೆ ಅಂಥ ಖಳನು ಬೇಕೇ ಆದರೆ, ಕಲ್ಪಿತ ಹೆಸರಿನ ಪಾತ್ರಕ್ಕೆ ಆ ಹೊಣೆಯನ್ನು ವಹಿಸಬೇಕು. ಯಾವುದನ್ನು ಆಧರಿಸಿದೆ, ಎಲ್ಲಿ ಕಲ್ಪಿಸಿದೆ ಎಂಬುದನ್ನು ಗ್ರಂಥದ ಅರಿಕೆಯಲ್ಲಿ ಪ್ರಾಮಾಣಿಕವಾಗಿ ತಿಳಿಸಬೇಕು. ಜೀವಂತನು ತನ್ನ ಮೇಲಿನ ಅಪವಾದಕ್ಕೆ ಉತ್ತರ ಕೊಟ್ಟುಕೊಳ್ಳಬಲ್ಲನು. ಮೃತನಿಗೆ ಬರೆಯುವವನ ಮನಸ್ಸಾಕ್ಷಿಯೊಂದೇ ವಕೀಲ.

ಓದಿಸುವವರಿಗೂ ಒಂದು ಪಾಲಿನ ಕರ್ತವ್ಯವಿದೆ. ಐತಿಹಾಸಿಕ ಕಾದಂಬರಿಯನ್ನು ವಿದ್ಯಾರ್ಥಿಯ ಕೈಯಿಂದ ಕಸಿಯಬೇಕಾಗಿಲ್ಲ. ಚರಿತ್ರೆಯಲ್ಲಿ ಆಸಕ್ತಿ ಮೊಳೆಯುವುದೇ ಅಲ್ಲಿ. ಅದರ ಪಕ್ಕದಲ್ಲಿ ಶಾಸನದ ಪಾಠವನ್ನೂ ಇಡಬೇಕು, ಅಷ್ಟೆ. ಬಿ.ಎಲ್. ರೈಸ್ ಅವರು ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡನೆಯ ಸಂಪುಟದಲ್ಲಿ ಬೆಳಗೊಳದ ಶಾಸನಗಳು ಅಚ್ಚಾಗಿವೆ. ಶಾಲೆಯ ಗ್ರಂಥಭಂಡಾರದಲ್ಲಿ ಕಾದಂಬರಿಗಳ ಸಾಲಿನಲ್ಲಿಯೇ ಅಂಥದೊಂದು ಸಂಪುಟವಿದ್ದರೆ, ಕನ್ನಡ ಉಪಾಧ್ಯಾಯರೂ ಚರಿತ್ರೆಯ ಉಪಾಧ್ಯಾಯರೂ ಕೂಡಿ ವರ್ಷಕ್ಕೊಂದು ಪಾಠವನ್ನು ಹೀಗೆ ನಡೆಸಬಹುದು: ಶಾಸನ ಹೇಳಿದುದು ಒಂದು ಕಡೆ, ಕಾದಂಬರಿ ಹೇಳಿದುದು ಇನ್ನೊಂದು ಕಡೆ. ಎರಡರ ನಡುವಣ ಅಂತರವನ್ನು ವಿದ್ಯಾರ್ಥಿಯೇ ಗುರುತಿಸಲಿ. ಗ್ರಂಥದಾನ ಮಾಡಬಯಸುವ ಮಹನೀಯರಿಗೂ ಹಳೆಯ ವಿದ್ಯಾರ್ಥಿಗಳಿಗೂ ಇದಕ್ಕಿಂತ ಸಾರ್ಥಕವಾದ ಕಾಣಿಕೆ ಅಪರೂಪ. ಹೀಗೆ ಓದಿ ಬೆಳೆದ ಮಗು ಕಾದಂಬರಿಯ ರಸವನ್ನು ಮನಸಾರೆ ಸವಿಯುವುದು. ಆದರೆ ಸತ್ತವರ ಮೇಲೆ ಹೊರಿಸಿದ ಮಾತನ್ನು ಪ್ರಮಾಣವಿಲ್ಲದೆ ನಂಬಲಾರದು. ಬದುಕಿರುವವರ ಮೇಲಿನ ಮಾತನ್ನೂ ಅಷ್ಟೆ.