ಎಲೆಯ ಮುಂದೊಂದು ಹೆಸರು

ಮದುವೆಮನೆಯ ಊಟದಲ್ಲಿ ಜಾಗ ಹಿಡಿಯುವುದೂ ಒಂದು ವಿದ್ಯೆ. ಒಂದು ಪಂಕ್ತಿ ಮಜ್ಜಿಗೆಗೆ ಬರುವ ಹೊತ್ತಿಗೇ ಕುರ್ಚಿಯ ಹಿಂದೆ ಹೋಗಿ ನಿಲ್ಲಬೇಕು. ಅವರು ಎದ್ದ ಕೂಡಲೇ ಒಂದರ ಮೇಲೆ ಕರ್ಚೀಫು, ಇನ್ನೊಂದರ ಮೇಲೆ ಕೈಚೀಲ! ಸಂಕೋಚದವರು ಮಾತ್ರ ಗೋಡೆಗೊರಗಿ ಮುಂದಿನ ಪಂಕ್ತಿಗೆ ಕಾಯುತ್ತಿರುತ್ತಾರೆ.

ಪಾಶ್ಚಾತ್ಯರ ಔತಣಗಳಲ್ಲಿ ಇದಕ್ಕೊಂದು ಉಪಾಯವಿದೆ. ಪ್ರತಿ ತಟ್ಟೆಯ ಮುಂದೆ ಅತಿಥಿಯ ಹೆಸರು ಬರೆದ ಪುಟ್ಟ ಕಾರ್ಡು ಇಟ್ಟಿರುತ್ತಾರೆ. ಊಟ ಮುಗಿದ ಮೇಲೆ ಒಯ್ಯಲು ಒಂದು ಸಣ್ಣ ನೆನಪಿನ ಕಾಣಿಕೆಯೂ ಉಂಟು. ಕಾಣಿಕೆಯೇನೋ ನಮಗೆ ಹೊಸದಲ್ಲ, ನಮ್ಮ ತಾಂಬೂಲದ ಚೀಲ ಅದೇ ತಾನೆ? ಹೆಸರಿನ ಕಾರ್ಡು ಮಾತ್ರ ನಮ್ಮಲ್ಲಿ ಇರಲಿಲ್ಲ. ಅದು ಬೇಕು ಎಂದು ನನಗೆ ಅನ್ನಿಸಿದ್ದು ನನ್ನದೇ ಒಂದು ತಪ್ಪಿನಿಂದ.

ನಾನು ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. ಹತ್ತನೆಯ ತರಗತಿಯ ಬೀಳ್ಕೊಡುಗೆ ಊಟದ ಉಸ್ತುವಾರಿ ಪ್ರತಿವರ್ಷ ನನ್ನದೇ. 2018ರಲ್ಲಿ 'ಎಲ್ಲಿ ಬೇಕೋ ಅಲ್ಲಿ ಕೂತ್ಕೊಳ್ರೋ' ಎಂದು ಬಿಟ್ಟುಬಿಟ್ಟೆ. ಜಾಣರೆಲ್ಲ ಮೇಷ್ಟ್ರುಗಳ ಹತ್ತಿರ ಕುಳಿತರು. ಗೆಳೆಯರ ಗುಂಪುಗಳು ಬೆಂಚು ಹಿಡಿದವು. ಮೂವರು ಮಕ್ಕಳಿಗೆ ಕೈ ತೊಳೆಯುವ ನಲ್ಲಿಯ ಪಕ್ಕದ ಜಾಗ ಉಳಿಯಿತು. ಅವರು ಪಾಯಸ ಬರುವ ಮುಂಚೆಯೇ ಎದ್ದುಹೋಗಿದ್ದರು. ನನಗೆ ಅದು ತಿಳಿದದ್ದು ಎಲೆ ಎತ್ತುವಾಗ. ಮೂರು ವರ್ಷ ಪಾಠ ಹೇಳಿದವನ ಕಣ್ಣಿಗೆ ಅಷ್ಟೂ ಬೀಳಲಿಲ್ಲವಲ್ಲ ಎಂದು ಬಹಳ ದಿನ ಕೊರೆಯಿತು.

ಮೂವತ್ತಾರು ಮನೆಗಳು

ಮರುವರ್ಷ 2019. ರಷ್ಯಾದ ಮೆಂಡಲೀವ್ ಮೂಲಧಾತುಗಳ ಆವರ್ತ ಕೋಷ್ಟಕವನ್ನು ಪ್ರಕಟಿಸಿ 150 ವರ್ಷವಾಗಿತ್ತು. ವಿಶ್ವಸಂಸ್ಥೆ ಆ ವರ್ಷವನ್ನು ಆವರ್ತ ಕೋಷ್ಟಕದ ವರ್ಷವೆಂದೇ ಸಾರಿತ್ತು. ನಮ್ಮ ಊಟಕ್ಕೂ ಅದನ್ನೇ ವಿಷಯವಾಗಿ ಇಟ್ಟುಕೊಂಡೆವು.

ಕೋಷ್ಟಕದ ಮೊದಲ ನಾಲ್ಕು ಸಾಲುಗಳನ್ನು ನೆನಪಿಸಿಕೊಳ್ಳಿ. ಮೊದಲನೆಯದರಲ್ಲಿ 2 ಧಾತು, ಮುಂದಿನ ಎರಡರಲ್ಲಿ 8, 8, ನಾಲ್ಕನೆಯದರಲ್ಲಿ 18. ಒಟ್ಟು 36. ನಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿಯೂ 36 ಹೆಸರು! ಅಂಗಳದಲ್ಲಿ ಡೆಸ್ಕುಗಳನ್ನು ಹಾಗೆಯೇ ನಾಲ್ಕು ಪಂಕ್ತಿಯಾಗಿ ಜೋಡಿಸುವುದು, ಚೀಟಿ ಎತ್ತಿ ಬಂದ ಸಂಖ್ಯೆಯ ಮನೆಯಲ್ಲಿ ಕೂರುವುದು ಎಂದು ತೀರ್ಮಾನವಾಯಿತು. ಜಲಜನಕ ಬಂದವರು ಒಂದು ಮೂಲೆಗೆ, ಹೀಲಿಯಂ ಬಂದವರು ಎದುರು ಮೂಲೆಗೆ. ಯಾರ ಪಕ್ಕ ಯಾರು ಎಂಬುದನ್ನು ಪರಮಾಣು ಸಂಖ್ಯೆಯೇ ಹೇಳುತ್ತದೆ, ತಕರಾರಿಗೆ ಎಡೆಯಿಲ್ಲ.

ಅರಿಶಿನದ ಕಾರ್ಡು

ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿ ಹಳದಿ ಕಲೆಯಾಗಿದೆ. ಸೋಪು ಉಜ್ಜಿದರೆ ಕಲೆ ಕೆಂಪಾಗುತ್ತದೆ. ಇದನ್ನು ನೋಡದ ತಾಯಂದಿರಿಲ್ಲ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವುದೂ ಇದೇ ಗುಣದಿಂದ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣದ ವಸ್ತು ಹುಳಿಯಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು. ನಮ್ಮ ಕಾರ್ಡಿನ ಗುಟ್ಟು ಅಷ್ಟೇ.

ಮಕ್ಕಳು ಮೊದಲ ದಿನ ಅರಿಶಿನವನ್ನು ಬರೀ ನೀರಿನಲ್ಲಿ ಕದಡಿ ಬಳಿದರು. ಒಣಗಿದ ಮೇಲೆ ಪುಡಿ ಉದುರಿತು, ಕಾಗದ ಪಟ್ಟೆಪಟ್ಟೆಯಾಯಿತು. ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಸ್ಪಿರಿಟ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಮರುದಿನ ಹೀಗೆ ಮಾಡಿದೆವು:

ಅರ್ಧ ಲೋಟ ಸ್ಪಿರಿಟ್‌ಗೆ ಎರಡು ಚಮಚ ಅರಿಶಿನ ಹಾಕಿ ಕಲಕಿ, ಹತ್ತು ನಿಮಿಷ ಬಿಡಿ. ಪುಡಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬ್ರಷ್ಷಿನಿಂದ ಡ್ರಾಯಿಂಗ್ ಹಾಳೆಗೆ ಬಳಿದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಈ ಬಣ್ಣ ಮಾಸುತ್ತದೆ. ಸ್ಪಿರಿಟ್ ಬಹುಬೇಗ ಹೊತ್ತಿಕೊಳ್ಳುವ ವಸ್ತು. ಒಲೆ, ದೀಪ, ಬೆಂಕಿಕಡ್ಡಿ ಹತ್ತಿರ ಇರಬಾರದು, ಕಿಟಕಿ ತೆರೆದಿರಬೇಕು, ಈ ಕೆಲಸವನ್ನು ದೊಡ್ಡವರೇ ಮಾಡಬೇಕು.

ಒಣಗಿದ ಹಾಳೆಯನ್ನು ಆರು ಅಂಗುಲ ಉದ್ದ, ನಾಲ್ಕು ಅಂಗುಲ ಅಗಲಕ್ಕೆ ಕತ್ತರಿಸಿ ನಡುವೆ ಮಡಿಸಿದರೆ ಗುಡಾರದಂತೆ ನಿಲ್ಲುತ್ತದೆ. ಕಾಲು ಲೋಟ ನೀರಿಗೆ ಒಂದು ಚಮಚ ವಾಷಿಂಗ್ ಸೋಡ ಕರಗಿಸಿದರೆ ಶಾಯಿ ಸಿದ್ಧ. ಕಡ್ಡಿಯ ತುದಿಗೆ ಹತ್ತಿ ಸುತ್ತಿ ಅದರಲ್ಲಿ ಅದ್ದಿ ಬರೆಯಿರಿ. ನೀರಿನಂಥ ಶಾಯಿ ಕಾಗದಕ್ಕೆ ತಾಗಿದ್ದೇ ಕೆಂಪು ಅಕ್ಷರವಾಗುತ್ತದೆ. ಅಡುಗೆ ಸೋಡವೂ ಆದೀತು, ಬಣ್ಣ ಸ್ವಲ್ಪ ಪೇಲವ. ಹತ್ತಿಯಲ್ಲಿ ನೀರು ಜಾಸ್ತಿಯಾದರೆ ಅಕ್ಷರ ಹರಡಿಕೊಳ್ಳುತ್ತದೆ, ಅಂಚಿಗೆ ಒತ್ತಿ ಹಿಂಡಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಕೈ ತೊಳೆಯುವುದನ್ನು ಮರೆಯಬೇಡಿ.

ಕಾಗುಣಿತ ತಪ್ಪಿದರೆ? ನಿಂಬೆರಸದಲ್ಲಿ ಅದ್ದಿದ ಇನ್ನೊಂದು ಹತ್ತಿಯಿಂದ ಒರೆಸಿ. ಕೆಂಪು ಮಾಯವಾಗಿ ಹಳದಿ ಮರಳುತ್ತದೆ! ಒಬ್ಬ ಹುಡುಗಿಯ ಹೆಸರಿನ ದೀರ್ಘವನ್ನು ಎಂಟನೆಯ ತರಗತಿಯಿಂದಲೂ ಎಲ್ಲರೂ ನುಂಗಿಬಿಟ್ಟಿದ್ದರಂತೆ, ಹಾಜರಿ ಪುಸ್ತಕದಲ್ಲಿ ನಾನೂ ಸೇರಿ. ಅವಳು ನಿಂಬೆಹೋಳು ಕೇಳಿ ಪಡೆದು ತಿದ್ದಿಕೊಂಡಳು. ನಾನೂ ಅಂದೇ ಹಾಜರಿ ಪುಸ್ತಕ ತಿದ್ದಿದೆ.

ಬೆಂಕಿಪೊಟ್ಟಣದ ತಾಂಬೂಲ

ಕಾಣಿಕೆಗೆ ಖಾಲಿ ಬೆಂಕಿಪೊಟ್ಟಣಗಳನ್ನು ಕೂಡಿಸಿ, ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿದೆವು. ಯಾರಿಗೆ ಯಾವ ಧಾತುವೋ ಅದರ ಒಂದು ಗುರುತು ಒಳಗೆ. ಇಂಗಾಲದವನಿಗೆ ಪೆನ್ಸಿಲ್ ತುಂಡು. ಕಬ್ಬಿಣಕ್ಕೆ ಮೊಳೆ, ತಾಮ್ರಕ್ಕೆ ತಂತಿಯ ಸುರುಳಿ, ಸಿಲಿಕಾನಿಗೆ ಹೊಳೆಯ ಮರಳು, ಕ್ಯಾಲ್ಸಿಯಂಗೆ ಸೀಮೆಸುಣ್ಣ. ಸೋಡಿಯಂ, ಕ್ಲೋರಿನ್ ನೆರೆಹೊರೆಯವರಲ್ಲದಿದ್ದರೂ ಇಬ್ಬರಿಗೂ ಅಡುಗೆ ಉಪ್ಪೇ. ಗಂಧಕಕ್ಕೆ ಬೆಳ್ಳುಳ್ಳಿಯ ಎಸಳು, ಏಕೆಂದರೆ ಅದರ ಘಾಟು ಗಂಧಕದ ಸಂಯುಕ್ತಗಳದ್ದು. ಮೆಗ್ನೀಸಿಯಂಗೆ ಹಸಿರೆಲೆ, ಎಲೆಯ ಹಸಿರಿನ ನಡುವೆ ಕೂತಿರುವುದು ಅದೇ ಧಾತು. ಸಾರಜನಕದವಳ ಪೊಟ್ಟಣ ಖಾಲಿ! ಅವಳು ಮುಖ ಚಿಕ್ಕದು ಮಾಡಿಕೊಂಡಾಗ ಪಕ್ಕದವನೇ ಹೇಳಿದ: 'ಖಾಲಿ ಅಲ್ಲ ಕಣೇ, ಅದರೊಳಗಿನ ಗಾಳಿಯಲ್ಲಿ ಶೇಕಡಾ 78 ನಿಂದೇ.'

ಆರ್ಸೆನಿಕ್, ಬ್ರೋಮಿನ್‌ನಂಥ ವಿಷವಸ್ತುಗಳಿಗೆ ಚಿತ್ರ ಮಾತ್ರ. ಹಳೆಯ ಬ್ಯಾಟರಿ, ಟ್ಯೂಬ್‌ಲೈಟ್ ಒಡೆಯಲು ಹೋಗಬೇಡಿ. ಪೊಟ್ಟಣಗಳನ್ನು ಕೊಡುವುದು ಊಟ ಮುಗಿದು ಕೈ ತೊಳೆದ ಮೇಲೆ.

ಬಿಟ್ಟಿಟ್ಟ ಮನೆ

ಮೂವತ್ತಾರು ಹೆಸರು ಎಂದೆನಲ್ಲ, ತರಗತಿಗೆ ಬರುತ್ತಿದ್ದವರು ಮೂವತ್ತೈದು. ಒಬ್ಬ ಹುಡುಗ ದಸರಾ ರಜೆಯ ನಂತರ ಬಂದಿರಲಿಲ್ಲ. ತಂದೆ ಹಾಸಿಗೆ ಹಿಡಿದಿದ್ದರು. ಇವನು ಮದುವೆ, ಜಾತ್ರೆಗಳಿಗೆ ಸೀರಿಯಲ್ ಸೆಟ್ ಕಟ್ಟುವ ಮಾವನ ಜೊತೆ ಹೋಗುತ್ತಿದ್ದ. ಎರಡು ಸಲ ಮನೆಗೆ ಹೋಗಿ ಹೇಳಿ ಬಂದಿದ್ದೆ, ಫಲವಾಗಿರಲಿಲ್ಲ. ಅವನಿಗೂ ಚೀಟಿ ಬರೆಯುವುದೋ ಬೇಡವೋ ಎಂಬ ಮಾತು ಬಂತು.

ಅದೇ ವಾರ ನಾನು ಪಾಠದಲ್ಲಿ ಮೆಂಡಲೀವನ ಕತೆ ಹೇಳಿದ್ದೆ. 1869ರಲ್ಲಿ ಗೊತ್ತಿದ್ದ ಧಾತುಗಳು 63. ಅವನ್ನು ಜೋಡಿಸುವಾಗ ಕೆಲವು ಕಡೆ ಗುಣ ಹೊಂದಲಿಲ್ಲ. ಆತ ಇದ್ದವನ್ನೇ ಒತ್ತೊತ್ತಾಗಿ ತುಂಬಲಿಲ್ಲ. 'ಇಲ್ಲಿಗೆ ಸೇರಬೇಕಾದದ್ದು ಇನ್ನೂ ಸಿಕ್ಕಿಲ್ಲ' ಎಂದು ಜಾಗ ಬಿಟ್ಟ. ಅಲ್ಯುಮಿನಿಯಂನ ಕೆಳಗಿನ ಅಂಥ ಮನೆಗೆ ನಮ್ಮ ಸಂಸ್ಕೃತದ 'ಏಕ' ಸೇರಿಸಿ ಏಕ-ಅಲ್ಯುಮಿನಿಯಂ ಎಂದು ಹೆಸರನ್ನೂ ಇಟ್ಟ. 1875ರಲ್ಲಿ ಫ್ರಾನ್ಸಿನಲ್ಲಿ ಗ್ಯಾಲಿಯಂ ಸಿಕ್ಕಿತು. ಕಂಡುಹಿಡಿದವರು ಅದರ ಸಾಂದ್ರತೆ 4.7 ಎಂದರು. ಸುಮಾರು 5.9 ಇರಬೇಕು, ಮತ್ತೆ ಅಳೆಯಿರಿ ಎಂದು ಮೆಂಡಲೀವ್ ಬರೆದ. ಶುದ್ಧ ಮಾಡಿ ಅಳೆದಾಗ 5.9 ಬಂತು! ಕಂಡವರಿಗಿಂತ ಜಾಗ ಕಾದಿಟ್ಟವನಿಗೇ ಅದರ ಪರಿಚಯ ಹೆಚ್ಚಾಗಿತ್ತು.

ಕೊನೆಯ ಬೆಂಚಿನ ಹುಡುಗಿ ಎದ್ದು, 'ಸಾರ್, ಗ್ಯಾಲಿಯಂ ಅವನಿಗೇ ಇರಲಿ' ಎಂದಳು. ಚೀಟಿಗಳಿಂದ 31 ತೆಗೆದಿಟ್ಟೆವು. ಇಬ್ಬರು ಗೆಳೆಯರು ಕರೆಯಲು ಹೋದರು. 'ಬರಲ್ಲ, ಕೆಲಸ ಐತೆ' ಎಂದನಂತೆ.

ಊಟದ ರಾತ್ರಿ ನಾಲ್ಕನೆಯ ಪಂಕ್ತಿಯಲ್ಲಿ ಹದಿಮೂರನೆಯ ಎಲೆ ಖಾಲಿ ಇತ್ತು. ಎಲೆಯ ತುದಿಗೆ ಉಪ್ಪು, ಕೋಸಂಬರಿ ಬಡಿಸಿ, ಮುಂದೆ ಅವನ ಹೆಸರಿನ ಕಾರ್ಡು ಇಟ್ಟಿದ್ದರು. ಪಾಯಸ ಆಯಿತು, ಮೊಸರನ್ನ ಬಂತು. ಒಂಬತ್ತರ ಸುಮಾರಿಗೆ ಗೇಟಿನ ಹತ್ತಿರ ಯಾರೋ ನಿಂತಂತಾಯಿತು. ಅಂಗಿಯೆಲ್ಲ ಧೂಳು. ನನ್ನನ್ನು ಕಂಡು, 'ನಂದೂ ಐತಾ ಸಾರ್?' ಎಂದ. ನಾನು ಉತ್ತರ ಕೊಡುವ ಮೊದಲೇ ಪಂಕ್ತಿಗೆ ಪಂಕ್ತಿಯೇ ಕೂಗಿಕೊಂಡಿತು.

ಅವನ ಬೆಂಕಿಪೊಟ್ಟಣದಲ್ಲಿ ಒಂದು ಪುಟ್ಟ ಎಲ್‌ಇಡಿ ದೀಪವಿತ್ತು. ಅದರೊಳಗೆ ಬೆಳಕು ಕೊಡುವ ಹರಳಿನಲ್ಲಿರುವುದು ಗ್ಯಾಲಿಯಂ. ತೆಗೆದು ನೋಡಿ ನಕ್ಕ: 'ಸಾರ್, ಇದು ಸುಟ್ಟೋಗಿರೋದು. ನಾಳೆ ಒಳ್ಳೇದು ತಂದ್ಕೊಡ್ತೀನಿ.' ತಂದೂ ಕೊಟ್ಟ. ಬಂದವನು ಶಾಲೆಯಲ್ಲೇ ಸಂಜೆಯವರೆಗೆ ಕುಳಿತಿದ್ದ.

ಹಾಜರಾತಿ ಸಾಲದೆ ಆ ವರ್ಷ ಪರೀಕ್ಷೆಗೆ ಕೂರಲಾಗಲಿಲ್ಲ. 2020ರಲ್ಲಿ, ಕೊರೊನಾದಿಂದ ಜೂನ್ ಕೊನೆಗೆ ಹೋದ ಪರೀಕ್ಷೆಯನ್ನು ಖಾಸಗಿಯಾಗಿ ಬರೆದು ಪಾಸಾದ. ಒಂದು ಕಾರ್ಡಿನಿಂದ ಇದಾಯಿತೆಂದು ಹೇಳುವಷ್ಟು ದಡ್ಡ ನಾನಲ್ಲ. ಅವನ ತಾಯಿಯ ಹಟವೂ, ಹಗಲೆಲ್ಲ ದುಡಿದು ರಾತ್ರಿ ಓದಿದ ಅವನ ಶ್ರಮವೂ ಅದಕ್ಕೆ ಕಾರಣ. ಆದರೆ ಗೇಟಿನಲ್ಲಿ ಕೇಳಿದ ಆ ಪ್ರಶ್ನೆಗೆ ಉತ್ತರ ಬರೆದು ಸಿದ್ಧವಾಗಿತ್ತಲ್ಲ, ಅದೊಂದು ನನಗೆ ಸಮಾಧಾನ.

ನಿಮ್ಮ ಮನೆಯಲ್ಲೂ ಮಕ್ಕಳ ಹುಟ್ಟುಹಬ್ಬವೋ ಬೀಳ್ಕೊಡುಗೆಯೋ ಬರುತ್ತದೆ. ಗ್ರಹಗಳೋ, ಹಕ್ಕಿಗಳೋ, ನದಿಗಳೋ, ಯಾವ ವಿಷಯವಾದರೂ ಸರಿ. ಹೆಸರುಗಳನ್ನು ಮಕ್ಕಳ ಕೈಯಲ್ಲೇ ಬರೆಸಿ, ಜಾಗಕ್ಕೆ ಚೀಟಿ ಎತ್ತಿಸಿ. ಹಾಳೆ ಕತ್ತರಿಸುವಾಗ ಮಾತ್ರ ಎಣಿಕೆಗಿಂತ ಒಂದು ಕಾರ್ಡು ಹೆಚ್ಚಿಗೆ ಇರಲಿ.