ರಾಯಭಾರಿ ಬರೆದ ನ್ಯಾಯಾಧಿಕಾರಿಯ ಕಥೆಗಳು

ಪತ್ತೇದಾರಿ ಕಾದಂಬರಿಯೆಂದೊಡನೆ ಮೂಗು ಮುರಿಯುವ ವಿದ್ವಾಂಸರಿಗೆ ನಮ್ಮಲ್ಲಿ ಕೊರತೆಯಿಲ್ಲ. ವಿದ್ಯಾರ್ಥಿಯ ಪಠ್ಯಪುಸ್ತಕದ ನಡುವೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೇನಾದರೂ ಸಿಕ್ಕಿಬಿದ್ದರೆ ಉಪಾಧ್ಯಾಯರ ಕಣ್ಣು ಕೆಂಪಾಗುವುದು ವಾಡಿಕೆ. (ಕಸಿದುಕೊಂಡದ್ದನ್ನು ಮನೆಗೊಯ್ದು ತಾವೇ ಓದಿ ಮುಗಿಸುವವರೂ ಉಂಟು, ಆ ಮಾತು ಬೇರೆ.) ಆದರೆ ಸಂಸ್ಕೃತ, ಚೀನೀ, ಜಪಾನೀ ಭಾಷೆಗಳಲ್ಲಿ ಪಾರಂಗತರಾದ ಡಚ್ ರಾಯಭಾರಿಯೊಬ್ಬರು ಇದೇ ಪ್ರಕಾರವನ್ನು ಕೈಗೆತ್ತಿಕೊಂಡು ಒಂದು ಪ್ರಾಚೀನ ಸಾಮ್ರಾಜ್ಯದ ಆಡಳಿತವನ್ನೇ ಓದುಗರ ಕಣ್ಣಿಗೆ ಕಟ್ಟಿಕೊಟ್ಟಿರುವರು. ಅವರೇ ರಾಬರ್ಟ್ ವಾನ್ ಗೂಲಿಕ್.

೧೯೧೦ರಲ್ಲಿ ಹಾಲೆಂಡಿನ ಜುಟ್ಫೆನ್ ಪಟ್ಟಣದಲ್ಲಿ ಜನಿಸಿದ ಇವರ ಬಾಲ್ಯ ಕಳೆದುದು ಜಾವಾ ದ್ವೀಪದಲ್ಲಿ. ಕಾಳಿದಾಸನ ವಿಕ್ರಮೋರ್ವಶೀಯವನ್ನು ಡಚ್ ಭಾಷೆಗೆ ತಂದರು. ಹಯಗ್ರೀವನ ಆರಾಧನೆಯು ಚೀನ ಜಪಾನುಗಳಿಗೆ ಹಬ್ಬಿದ ಬಗೆಯನ್ನು ಕುರಿತು ಪ್ರಬಂಧ ಬರೆದು ಪದವಿ ಪಡೆದರು. ೧೯೩೫ರಲ್ಲಿ ವಿದೇಶಾಂಗ ಸೇವೆಯನ್ನು ಸೇರಿದ ಮೇಲೆ ಟೋಕಿಯೋ, ಚುಂಗ್‌ಕಿಂಗ್, ವಾಷಿಂಗ್ಟನ್, ದೆಹಲಿ, ಬೈರೂತ್, ಕೌಲಾಲಂಪುರಗಳಲ್ಲಿ ಅವರ ವಾಸ.

ಎರಡನೆಯ ಮಹಾಯುದ್ಧ ಮುಗಿದ ಕಾಲ. ಚೀನ ಜಪಾನುಗಳ ಪುಸ್ತಕದಂಗಡಿಗಳಲ್ಲಿ ಪಾಶ್ಚಾತ್ಯ ಪತ್ತೇದಾರಿ ಕಥೆಗಳ ಅಗ್ಗದ ಅನುವಾದಗಳು ತುಂಬಿದ್ದವು. ಷರ್ಲಾಕ್ ಹೋಮ್ಸ್ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಅಪರಾಧ ಶೋಧನೆಯ ಕಥೆಗಳನ್ನು ಬೆಳೆಸಿದ ಜನ ತಮ್ಮ ಮನೆಯ ಸೊತ್ತನ್ನು ಮರೆತಿರುವರಲ್ಲಾ ಎಂದು ವಾನ್ ಗೂಲಿಕರಿಗೆ ಅನಿಸಿತು. ೧೮ನೆಯ ಶತಮಾನದ ಅಜ್ಞಾತಕರ್ತೃಕ ಚೀನೀ ಕಾದಂಬರಿಯೊಂದನ್ನು ಇಂಗ್ಲಿಷಿಗೆ ಅನುವಾದಿಸಿ ೧೯೪೯ರಲ್ಲಿ ಟೋಕಿಯೋದಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದರು. ಇದನ್ನು ಕಂಡಾದರೂ ಅಲ್ಲಿನ ಲೇಖಕರು ಎಚ್ಚರಗೊಳ್ಳಲಿ ಎಂಬುದು ಆಶೆ. ಅದು ಕೂಡಲೆ ಕೈಗೂಡದಿರಲು, ತಾವೇ ಬರೆಯತೊಡಗಿದರು. ಮೊದಲ ಕಾದಂಬರಿ ಜಪಾನಿಯಲ್ಲಿ ೧೯೫೧ರಲ್ಲಿಯೂ, ಅವರೇ ಸಿದ್ಧಪಡಿಸಿದ ಚೀನೀ ರೂಪದಲ್ಲಿ ೧೯೫೩ರಲ್ಲಿಯೂ ಪ್ರಕಟವಾಯಿತು. ಇಂಗ್ಲಿಷ್ ಓದುಗರಿಗೆ ಅದು ದೊರೆತುದು ೧೯೫೬ರಲ್ಲಿ. ಅದೇ ವರ್ಷ, ೧೨೧೧ರಲ್ಲಿ ಸಂಗ್ರಹವಾದ ೧೪೪ ವ್ಯಾಜ್ಯಗಳ ಚೀನೀ ಕೈಪಿಡಿಯೊಂದರ ಅನುವಾದವನ್ನೂ ಹೊರತಂದರು. ಕಾದಂಬರಿಗಳಿಗೆ ಬೇಕಾದ ಎಷ್ಟೋ ವಸ್ತು ಇಂಥ ಹಳೆಯ ಗ್ರಂಥಗಳಿಂದಲೇ ಬಂದುದು.

ಇವುಗಳ ನಾಯಕ ನ್ಯಾಯಾಧಿಕಾರಿ ಡೀ. ಒಂದು ಜಿಲ್ಲೆಯ ಪೋಲೀಸು, ತನಿಖೆ, ತೀರ್ಪು, ಕಂದಾಯ ಎಲ್ಲವೂ ಈತನೊಬ್ಬನ ತಲೆಯ ಮೇಲೆ. ಏಕಕಾಲದಲ್ಲಿ ಮೂರು ಮೊಕದ್ದಮೆಗಳು ಹೆಣೆದುಕೊಂಡು ಬರುವುದು ಹಳೆಯ ಚೀನೀ ಕ್ರಮ. ಅದನ್ನು ಲೇಖಕರು ಉಳಿಸಿಕೊಂಡಿದ್ದಾರೆ. ಅಪರಾಧಿಯನ್ನು ಮೊದಲಲ್ಲೇ ಹೇಳಿಬಿಡುವ ಪದ್ಧತಿಯನ್ನೂ, ದೆವ್ವಗಳು ಬಂದು ಸಾಕ್ಷಿ ನುಡಿಯುವುದನ್ನೂ ಕೈಬಿಟ್ಟಿದ್ದಾರೆ. ಅಧಿಕಾರಿಯು ತನ್ನ ಹುಟ್ಟೂರಿನ ಪ್ರಾಂತದಲ್ಲಿ ನೌಕರಿ ಮಾಡಕೂಡದು, ಮೂರು ವರ್ಷಕ್ಕೊಮ್ಮೆ ವರ್ಗವಾಗಬೇಕು ಎಂಬುದು ಅಲ್ಲಿಯ ನಿಯಮ. ಪರಸ್ಥಳದಲ್ಲಿ ಇಳಿದು, ಅಲ್ಲಿನ ನುಡಿ ನಡೆಗಳನ್ನು ಅರಿತು, ಬೇರೂರುವಷ್ಟರಲ್ಲಿ ಗಂಟುಮೂಟೆ ಕಟ್ಟುವ ಈ ಬಾಳು ರಾಯಭಾರಿಗೂ ಚೆನ್ನಾಗಿ ಪರಿಚಿತವಾದುದೇ.

ಡೀ ಕಲ್ಪಿತ ವ್ಯಕ್ತಿಯಲ್ಲ. ಟಾಂಗ್ ಕಾಲದ ಡೀ ರೆನ್‌ಜಿಯೆ (೬೩೦–೭೦೦) ಚೀನದ ಏಕೈಕ ಚಕ್ರವರ್ತಿನಿ ವೂಳ ಮಂತ್ರಿ. ಕಾದಂಬರಿಗಳ ಹಿಂದಿರುವ ಈತನ ರಾಜಕೀಯ ಚರಿತ್ರೆಯು ಕಾದಂಬರಿಗಿಂತ ರೋಚಕವೆಂದೇ ನನ್ನ ಮತ. ಆ ಕಾಲದ ಕಾನೂನಿನಲ್ಲಿ ಸಾಮಾನ್ಯವಾಗಿ ತಪ್ಪೊಪ್ಪಿಗೆಯಿಲ್ಲದೆ ಶಿಕ್ಷೆಯಿರಲಿಲ್ಲ. ಒಪ್ಪಿಗೆ ಪಡೆಯಲು ಚಿತ್ರಹಿಂಸೆಗೆ ಅವಕಾಶವಿತ್ತು. ೬೯೨ರಲ್ಲಿ ಡೀಯ ಮೇಲೆಯೇ ರಾಜದ್ರೋಹದ ಆರೋಪ ಬಂದಿತು. ಮೊದಲ ವಿಚಾರಣೆಯಲ್ಲೇ ಆತ ಒಪ್ಪಿಕೊಂಡುಬಿಟ್ಟ! ಬಳಿಕ ಹಾಸಿಗೆಯ ಬಟ್ಟೆಯ ತುಂಡಿನ ಮೇಲೆ ಅಹವಾಲು ಬರೆದು, ಚಳಿಯ ಉಡುಪಿನೊಳಗೆ ಅಡಗಿಸಿ, ಸೆಕೆಯಾಗುತ್ತಿದೆ, ಒಳತುಂಬನ್ನು ತೆಗೆಸಿ ಎಂದು ಉಡುಪನ್ನು ಮನೆಗೆ ಕಳುಹಿಸಿದನು. ಮಗನು ಅದನ್ನು ಕಂಡು ಚಕ್ರವರ್ತಿನಿಯ ಮೊರೆಹೊಕ್ಕನು. ಒಪ್ಪಿಕೊಂಡದ್ದೇಕೆಂದು ಆಕೆ ಕೇಳಿದಾಗ, ಒಪ್ಪದಿದ್ದರೆ ಚಾಟಿಯೇಟಿನಲ್ಲೇ ಸತ್ತಿರುತ್ತಿದ್ದೆನೆಂದು ಉತ್ತರವಿತ್ತನಂತೆ. ಪ್ರಾಣ ಉಳಿಯಿತು, ಪದವಿ ಇಳಿಯಿತು. ಮುಂದೆ ಮರಳಿ ಮಂತ್ರಿಯಾಗಿ, ಸೋದರಳಿಯನಿಗೆ ಪಟ್ಟ ಕಟ್ಟುವ ಯೋಚನೆಯಲ್ಲಿದ್ದ ವೂ ೬೯೮ರಲ್ಲಿ ತನ್ನ ಮಗನನ್ನೇ ಉತ್ತರಾಧಿಕಾರಿಯಾಗಿ ಕರೆಸಿಕೊಳ್ಳುವಂತೆ ಮನವೊಲಿಸಿದವರಲ್ಲಿ ಆತನೂ ಒಬ್ಬ. ೭೦೫ರಲ್ಲಿ ಟಾಂಗ್ ವಂಶ ಮತ್ತೆ ಸ್ಥಾಪಿತವಾಯಿತು.

ದೋಷಗಳೂ ಇಲ್ಲದಿಲ್ಲ. ಕಥೆ ೭ನೆಯ ಶತಮಾನದ್ದಾದರೂ ಉಡಿಗೆ ತೊಡಿಗೆ, ಲೇಖಕರೇ ಬಿಡಿಸಿದ ಚಿತ್ರಗಳು, ಎಲ್ಲವೂ ಮಿಂಗ್ ಕಾಲದವು. ಬೌದ್ಧ ಭಿಕ್ಷುಗಳನ್ನು ಕಂಡರೆ ಡೀಗೆ ಅತಿಯಾದ ತಾತ್ಸಾರ. ಹಯಗ್ರೀವನ ಮೇಲೆ ಗ್ರಂಥ ಬರೆದವರ ಲೇಖನಿಯಿಂದ ಇದು ಬಂದುದು ಸೋಜಿಗವೇ ಸರಿ.

ನಮ್ಮ ದೇಶಕ್ಕೆ ಸಂಬಂಧಿಸಿದ ಅವರ ಕೃತಿ 'ಸಿದ್ಧಂ' ನಾಗಪುರದಲ್ಲಿ ೧೯೫೬ರಲ್ಲಿ ಅಚ್ಚಾಯಿತು. ಕನ್ನಡದಂತೆಯೇ ಬ್ರಾಹ್ಮಿಯಿಂದ ಇಳಿದುಬಂದ ಆ ಲಿಪಿ ಚೀನ ಜಪಾನುಗಳಲ್ಲಿ ಮಂತ್ರಾಕ್ಷರವಾಗಿ ಪೂಜೆಗೊಂಡಿತು. ಸಂಸ್ಕೃತ ಭಾಷೆಯನ್ನು ಕ್ರಮವಾಗಿ ಕಲಿತವರು ಮಾತ್ರ ಬಹಳ ವಿರಳ. ಅಕ್ಷರ ಉಳಿದೂ ಭಾಷೆ ನಿಲ್ಲದೆಹೋದ ಈ ವೃತ್ತಾಂತವನ್ನು ಗಡಿನಾಡಿನ ಉಪಾಧ್ಯಾಯರು ಓದಲೇಬೇಕು.

ವಾನ್ ಗೂಲಿಕ್ ೧೯೬೭ರಲ್ಲಿ ತೀರಿಕೊಂಡರು. ಕೊನೆಯ ಕಾದಂಬರಿ ಮರುವರ್ಷ ಬಂದಿತು. ೧೯೮೦ರ ದಶಕದಲ್ಲಿ ಅವರ ಡೀ ಚೀನೀ ಅನುವಾದದಲ್ಲಿ ತನ್ನ ನಾಡಿಗೆ ಮರಳಿದನು. ಆಮೇಲೆ ಅಲ್ಲಿನವರೇ ಅವನನ್ನು ಕುರಿತು ದೂರದರ್ಶನ ಮಾಲಿಕೆಗಳನ್ನೂ ಚಲಚ್ಚಿತ್ರಗಳನ್ನೂ ತಯಾರಿಸತೊಡಗಿದರು.